ಲಾಗ ಹಾಕಿದ್ದು ಯಾರು?

ಹೋದ ತಿಂಗಳು ಒಂದು ಬೆಳಿಗ್ಗೆ ಕೊಪ್ಪಳದ ಈಜುಕೊಳದ ಅರ್ಧ ನೀರು ನನ್ನ ಮೂಗಿನೊಳಗೆ ಹೋಯಿತು. ಉಳಿದರ್ಧ ಕಿವಿಯೊಳಗೆ.

ತಪ್ಪು ನನ್ನದೇ. ಬಾಯಿ ಸುಮ್ಮನಿರಲಿಲ್ಲ.

ನಮ್ಮದೊಂದು ಬೆಳಗಿನ ಬ್ಯಾಚ್ ಇದೆ. ಎಲ್ಲರೂ ನಲವತ್ತು ದಾಟಿದವರು, ಶುಗರ್‌ಗೆ ಹೆದರಿ ನೀರಿಗಿಳಿದವರು. ಗಂಗಾವತಿಯಲ್ಲೂ ಇಂಥದ್ದೇ ಗುಂಪೊಂದಿದೆ. ಎರಡರ ನಡುವೆ ರಿಲೇ ಪಂದ್ಯ ಎಂದು ತೀರ್ಮಾನವಾಯಿತು. ತಂಡಕ್ಕೆ ನಾಲ್ಕು ಜನ, ತಲಾ ಐವತ್ತು ಮೀಟರ್ ಫ್ರೀಸ್ಟೈಲ್. ಕೊಳದ ಉದ್ದ ಇಪ್ಪತ್ತೈದು ಮೀಟರ್. ಅಂದರೆ ಹೋಗಬೇಕು, ತಿರುಗಬೇಕು, ಬರಬೇಕು. ಹೋಗುವುದು ಎಲ್ಲರಿಗೂ ಬರುತ್ತದೆ. ತಿರುಗುವುದು?

ಗಂಗಾವತಿಯವರು ಕಾಲುವೆಯಲ್ಲಿ ಕಲಿತವರು. ಅಲ್ಲಿ ತಿರುಗುವ ಮಾತೇ ಇಲ್ಲ. ನೀರು ಒಯ್ದಷ್ಟು ದೂರ ಹೋಗುವುದು, ದಂಡೆ ಹತ್ತಿ ನಡೆದು ಬರುವುದು. ಗೋಡೆ ಎದುರಾದರೆ ಅವರು ಎದ್ದು ನಿಂತು ದಂಡೆ ಹುಡುಕುತ್ತಾರೆ. ನಾವು ಬಾವಿಯವರು. ಕಲ್ಲು ಕಂಡಕೂಡಲೇ ತಬ್ಬಿಕೊಳ್ಳುತ್ತೇವೆ. ತಬ್ಬಿ, ತಲೆ ಎತ್ತಿ, ಮೇಲಿಂದ ಯಾರಾದರೂ ನಮ್ಮ ಮೇಲೆ ಜಿಗಿಯುತ್ತಿದ್ದಾರೆಯೇ ಎಂದು ನೋಡುತ್ತೇವೆ. (ಈಜುಕೊಳದ ಮೇಲೆ ಬರೀ ಆಕಾಶ. ಆದರೂ ನೋಡುತ್ತೇವೆ.)

"ಸೀದಾ ಈಜೂದ್ರಾಗ ಅವರ ಜೋಡಿ ಆಗೂದಿಲ್ಲ," ಎಂದರು ನಮ್ಮ ಕೋಚ್ ಖಾಜಾ ಸಾಹೇಬರು. "ನಾವು ಗ್ವಾಡ್ಯಾಗ ಗೆಲ್ಲಬೇಕು. ನೀರಾಗ ಲಾಗ ಹಾಕಿ, ಕಾಲಿಲೆ ಗ್ವಾಡಿ ಒದ್ದು ಹೊಳ್ಳಿ ಬರಬೇಕು. ಯಾರಿಗೆ ಬರತೈತಿ, ಅವರ ಟೀಮಿನ್ಯಾಗ."

"ನಂಗ ಬರತೈತ್ರಿ," ಎಂದೆ. "ನಮ್ಮೂರು ತಳಕಲ್ಲಿನ ಬಾವ್ಯಾಗ ಎಂಟು ವರ್ಷದಾಂವ ಇದ್ದಾಗನ ಹಾಕತಿದ್ದೆ."

ಸುಳ್ಳಲ್ಲ. ಸ್ಪಷ್ಟವಾಗಿ ನೆನಪಿತ್ತು. ಹಸಿರು ನೀರು. ಮುದುರಿದ ಮೈ. ಪಾಚಿಗಟ್ಟಿದ ಕಲ್ಲಿಗೆ ಎರಡೂ ಅಂಗಾಲು. ಒಂದು ಒದೆತ, ನೀರೊಳಗಿಂದಲೇ ಆಚೆ ಬದಿ!

ನೀರಿಗಿಳಿದೆ. ಗೋಡೆಯ ಹತ್ತಿರ ಬಂದೆ. ಲಾಗ ಹಾಕಿದೆ. ಮುಂದಿನದನ್ನು ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ಖಾಜಾ ಸಾಹೇಬರು ಕೈಕೊಟ್ಟು ಎಬ್ಬಿಸಿದರು. "ಬಾವಿ ಒಳಗ ಹಾಕತಿದ್ರೋ, ಬಾವಿ ದಂಡಿ ಮ್ಯಾಲೋ?"

ಒಂದು ವಾರ ಇದೇ ಆಯಿತು. ಕೊಳದ ತಳದಲ್ಲಿ ಉದ್ದಕ್ಕೂ ಒಂದು ಕರಿ ಗೆರೆ ಇದೆ. ಗೋಡೆ ಇನ್ನೇನು ಬಂತು ಎನ್ನುವಲ್ಲಿ ಅದಕ್ಕೊಂದು ಅಡ್ಡಗೆರೆ. ಅದು ಕಂಡರೆ ಇನ್ನೊಂದು ಕೈ ಬೀಸಿ ಮುದುರಿಕೊಳ್ಳಬೇಕು. ನಾನು ಗೆರೆ ಬಿಟ್ಟು ತಲೆ ಎತ್ತಿ ಗೋಡೆ ನೋಡುತ್ತಿದ್ದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಸೊಂಟ ಮುಳುಗಿದವನು ಲಾಗ ಹಾಕಿದರೆ ಗೋಣಿಚೀಲ ಉರುಳಿದಂತಿರುತ್ತದೆ.

ಬ್ಯಾಚಿನವರ ನಗು ನನಗೆ ತಾಳಲಾಗಲಿಲ್ಲ. ಸಾಕ್ಷಿ ಕರೆಯೋಣ ಎಂದು ಕೊಳದ ಕಟ್ಟೆಯಿಂದಲೇ ಹನುಮಸಾಗರದಲ್ಲಿರುವ ನೀಲಕ್ಕನಿಗೆ ಫೋನ್ ಹಚ್ಚಿದೆ. ನನಗಿಂತ ಆರು ವರ್ಷ ದೊಡ್ಡವಳು, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಸ್ಪೀಕರ್ ಆನ್ ಮಾಡಿದೆ. (ಈ ಬುದ್ಧಿ ಯಾಕೆ ಬಂತೋ!)

"ಅಕ್ಕಾ, ನಾ ಬಾವ್ಯಾಗ ಲಾಗ ಹಾಕತಿದ್ನೋ ಇಲ್ಲೋ? ಇವರಿಗೆ ಒಂದೀಟು ಹೇಳು."

ಗಿರಣಿಯ ಸದ್ದು ನಿಂತಿತು.

"ನೀನಾ? ಪಾವಟಿಗಿ ಮ್ಯಾಲೆ ನನ್ನ ಒಣ ಅರಿವಿ ಹಿಡಕೊಂಡು ಕುಂದರತಿದ್ದಿ. ಲಾಗ ಹಾಕತಿದ್ದಾಕಿ ನಾನೋ ಮಾರಾಯ!"

ಬ್ಯಾಚಿನವರು ನೀರಿಗೆ ಬಿದ್ದು ಬಿದ್ದು ನಕ್ಕರು. ಸ್ಪೀಕರ್ ಆರಿಸಿ ಪಕ್ಕಕ್ಕೆ ಹೋದೆ. ಆಗ ಹೊಳೆಯಿತು: ನನ್ನ ನೆನಪಿನಲ್ಲಿ ಆ ಮುದುರಿದ ಮೈ ಯಾವಾಗಲೂ ಮೇಲಿಂದಲೇ ಕಾಣುತ್ತದೆ. ನೀರೊಳಗಿದ್ದವನಿಗೆ ತನ್ನ ಬೆನ್ನು ಹೇಗೆ ಕಾಣುತ್ತದೆ?

ಉಳಿದದ್ದನ್ನು ಅಕ್ಕನೇ ಹೇಳಿದಳು. ಅವಳು ದೊಡ್ಡವಳಾದ ಮೇಲೆ ಬಾವಿಗೆ ಇಳಿಯಕೂಡದೆಂದು ಅಪ್ಪ ಕಟ್ಟು ಮಾಡಿದ್ದ. ಅವಳು ಮಧ್ಯಾಹ್ನ ಯಾರೂ ಇಲ್ಲದಾಗ ಕದ್ದು ಇಳಿಯುತ್ತಿದ್ದಳು. ನಾನು ಅವಳ ಒಣ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ಕಾವಲು. ಅಪ್ಪ ಬಂದರೆ ಕೆಮ್ಮಬೇಕು.

"ಕಡೀ ದಿನ ಅಪ್ಪ ಬಂದಿದ್ದಿಲ್ಲ. ನಿಂಗ ಹಸಿವ್ಯಾಗಿತ್ತು, ಸುಮ್ಮನ ಕೆಮ್ಮಿದಿ. ನಾ ಗಡಬಡಿಸಿ ಎದ್ದು ಹಸಿ ಕೂದಲದಾಗ ಮನಿಗೆ ಬಂದ್ರ, ಅಪ್ಪ ಬಾಗಲದಾಗ ನಿಂತಾನ! ಅಲ್ಲಿಗೆ ಮುಗೀತು ನನ್ನ ಈಜು."

ನಗುತ್ತಲೇ ಹೇಳಿದಳು. ಕೂದಲು ಒಣಗುವಷ್ಟು ಹೊತ್ತು ನಾನು ಸುಮ್ಮನಿದ್ದಿದ್ದರೆ?

ಆ ಕೆಮ್ಮು ನನಗೆ ನೆನಪಿಲ್ಲ. ಅವಳ ಲಾಗ ನನ್ನದೆಂದು ನೆನಪಿದೆ. ನನ್ನ ಕೆಮ್ಮು ಮಾತ್ರ ಯಾರದೆಂದೂ ನೆನಪಿಲ್ಲ. ಎಷ್ಟು ಅನುಕೂಲದ ತಲೆ ನೋಡಿ! (ಅವಳ ನೆನಪೇ ತಪ್ಪಿರಬಹುದಲ್ಲ, ಅಪ್ಪ ನಿಜಕ್ಕೂ ಬಂದಿರಬಹುದಲ್ಲ ಎಂದು ನಂಬಲು ಎರಡು ದಿನ ಪ್ರಯತ್ನಪಟ್ಟೆ. ಆಗಲಿಲ್ಲ.)

"ಅದು ಬಿಡು. ನಿಂಗ ಎಲ್ಲಿ ತಪ್ಪತೈತಿ?" ಎಂದಳು. ಹೇಳಿದೆ.

"ಗ್ವಾಡಿ ಯಾಕ ನೋಡ್ತಿ? ಅದೇನು ಓಡಿ ಹೋಗತೈತೇನು? ಗದ್ದ ಎದಿಗೆ ಹಚ್ಚು, ಹೊಕ್ಕಳಾ ನೋಡು. ಹೊಳ್ಳೂ ಮುಂದ ಮೂಗಿಲೆ 'ಹೂಂ' ಅಂತ ಉಸುರು ಬಿಡು, ನೀರು ಹೊಗೂದಿಲ್ಲ. ಒದ್ದಾಗ ಅಂಗಾತ ಇರ್ತಿ, ಹೆದರಬ್ಯಾಡ. ಮುಂದ ಹೋಗಕೋಂತನ ಬೋರಲಾಗು."

ಖಾಜಾ ಸಾಹೇಬರು ಒಂದು ವಾರದಿಂದ ಹೇಳುತ್ತಿದ್ದದ್ದೂ ಅಕ್ಷರಶಃ ಇದನ್ನೇ. ಅವರಿಗೆ ತಿಳಿಸಿದೆ. "ಆ ಅಕ್ಕಾರನ್ನ ಕರಸ್ರಿ. ನೀವು ಮನಿಗೆ ನಡೀರಿ," ಎಂದರು.

ಮನೆಗೆ ನಡೆಯಲಿಲ್ಲ. ಮೊದಲು ಕೊಳದ ನಡುವೆ, ಗೋಡೆಯೇ ಇಲ್ಲದ ಕಡೆ, ಬರೀ ಲಾಗ ಹಾಕಿದೆ. 'ಹೂಂ' ಎನ್ನುತ್ತಾ. ಆಮೇಲೆ ಗೋಡೆಗೆ ಬಂದೆ. ಮೊದಲು ಒಂದೇ ಹಿಮ್ಮಡಿ ತಾಗಿತು. ಮರುದಿನ ಬರೀ ನೀರನ್ನೇ ಒದ್ದೆ. ಗೋಡೆ ಒಂದು ಗೇಣು ಆಚೆ ಇತ್ತು. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಎರಡೂ ಅಂಗಾಲು ಕೂತವು. ಆಹಾ! ಗೋಡೆಯೇ ನನ್ನನ್ನು ಎಸೆದಂತಾಯಿತು.

ಪಂದ್ಯದಲ್ಲೂ ನನ್ನ ಲಾಗ ಕೂತಿತು. ಆದರೆ ಗಂಗಾವತಿಯವರು? ನಾಲ್ವರೂ ಹಾಕಿದರು! ಅವರಿಗೂ ಯಾರೋ ಹೇಳಿಕೊಟ್ಟಿದ್ದರು. ಒಂದು ಮೊಳದ ಅಂತರದಲ್ಲಿ ಸೋತೆವು.

ಸೋತ ಸುದ್ದಿಯನ್ನು ಅಕ್ಕ ಅರ್ಧವೂ ಕೇಳಲಿಲ್ಲ. "ಅಲ್ಲಿ ಹೆಣ್ಣಮಕ್ಕಳಿಗೆ ಟೈಮ್ ಐತೇನು?" ಎಂದಳು.

ಕಳೆದ ಭಾನುವಾರ ಕುಷ್ಟಗಿಯಲ್ಲಿ ಬಸ್ ಬದಲಿಸಿ ಬಂದೇಬಿಟ್ಟಳು. ಈಜಿನ ಡ್ರೆಸ್ಸನ್ನು ಸೊಸೆ ಆನ್‌ಲೈನ್‌ನಲ್ಲಿ ತರಿಸಿದ್ದಳಂತೆ. ಒಣ ಸೀರೆಯಿದ್ದ ಚೀಲವನ್ನು ನನ್ನ ಕೈಗಿಟ್ಟು, "ಹಿಡಿ, ಇದು ನಿಂದ ಕೆಲಸ," ಎಂದು ಒಳಗೆ ಹೋದಳು. ಮಹಿಳೆಯರ ಬ್ಯಾಚ್, ಹತ್ತರಿಂದ ಹನ್ನೊಂದು. ಗಂಡಸರಿಗೆ ಪ್ರವೇಶವಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ನೀರಿನ ಸದ್ದು, ಯಾರದೋ ನಗು. ಲಾಗ ಹಾಕಿದಳೋ ಇಲ್ಲವೋ, ನಾನು ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದು. ಇನ್ನು ಹತ್ತು ವರ್ಷಕ್ಕೆ ಇದನ್ನೂ ನನ್ನದೆಂದು ಬರೆದುಬಿಟ್ಟೇನು.

ಹತ್ತೂವರೆಗೆ ಗಂಟಲು ಕೆರೆಯತೊಡಗಿತು.

ಅರ್ಧ ತಾಸು ಕೆಮ್ಮು ತಡೆದುಕೊಂಡು ಕೂರುವುದು ಎಷ್ಟು ಕಷ್ಟ, ನಿಮಗೇನಾದರೂ ಗೊತ್ತೇ?