ಪದ್ದುವಿಗೆ ಏರುವುದೇ ಇಲ್ಲ

ನಿನ್ನೆ ಮಧ್ಯಾಹ್ನ ಪಂಪ್‌ವೆಲ್‌ನ ಮೆಡಿಕಲ್ ಶಾಪಿನಲ್ಲಿ ಭಾವನ ಮಾತ್ರೆಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದವನೊಬ್ಬ ನೋವಿನ ಸ್ಪ್ರೇ ಕೊಂಡು, ಅಲ್ಲೇ ಪ್ಯಾಂಟ್ ಮಡಚಿ ಮೊಣಕಾಲಿಗೆ ಬುಸ್ಸೆಂದು ಹೊಡೆದುಕೊಂಡ. ಮೂಗಿಗೆ ತಣ್ಣಗೆ ಚುಚ್ಚುವ ಆ ವಾಸನೆ ನಿಮಗೂ ಗೊತ್ತಿರಬಹುದು. ನನಗಂತೂ ಅದು ಕಾವೂರಿನ ನಮ್ಮ ಕಬಡ್ಡಿ ಅಂಗಣದ ವಾಸನೆ. ಅದರ ಬೆನ್ನಿಗೇ ಪದ್ದು ನೆನಪಾಗುತ್ತಾನೆ. ನೆನಪಾಗದಿದ್ದರೆ ಒಳ್ಳೆಯದಿತ್ತು. ಮೂಗು ನಮ್ಮ ಮಾತು ಕೇಳಬೇಕಲ್ಲ.

ನಾನೂ ಕಬಡ್ಡಿ ಆಡಿದವನೇ, ನಗಬೇಡಿ. ತಂಡಕ್ಕೆ ಒಬ್ಬ ಕಡಿಮೆ ಬಿದ್ದಾಗ ಮಾತ್ರ ನನ್ನನ್ನು ಕರೆಯುತ್ತಿದ್ದರು. ಎದುರಿನವರು ನನ್ನನ್ನು ಹಿಡಿಯುವ ಕಷ್ಟವನ್ನೇ ತೆಗೆದುಕೊಳ್ಳುತ್ತಿರಲಿಲ್ಲ, ನಾನಾಗಿಯೇ ಹೋಗಿ ಸಿಕ್ಕಿಕೊಳ್ಳುತ್ತಿದ್ದೆ. ಹೊಟ್ಟೆ ಬಂದ ಮೇಲೆ ಅಂಗಣ ಬಿಟ್ಟು ಫೇಸ್‌ಬುಕ್ಕಿಗೆ ಇಳಿದೆ. ಪದ್ದು ಗೆದ್ದಾಗಲೆಲ್ಲ ಅವನ ಬಗ್ಗೆ ಉದ್ದುದ್ದ ಬರೆದು ಲೈಕು ಎಣಿಸುವುದೇ ನನ್ನ ಆಟವಾಯಿತು.

ಪದ್ಮನಾಭ ಎಂಬ ಹೆಸರು ಅವನ ಆಧಾರ್ ಕಾರ್ಡಿನಲ್ಲಿ ಮಾತ್ರ ಇತ್ತು. ದೊಡ್ಡವರಿಗೆ ಪದ್ದು, ಮಕ್ಕಳಿಗೆ ಪದ್ದಣ್ಣ. ರೈಡಿಗೆ ಹೋದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ಆ ಆಟದ ಬಲದಿಂದಲೇ ಪಣಂಬೂರಿನ ಬಂದರಿನಲ್ಲಿ ಕೆಲಸವೂ ಸಿಕ್ಕಿತು. ಆದರೆ ಜನ ಅವನನ್ನು ತಲೆಯ ಮೇಲೆ ಹೊತ್ತದ್ದು ಬೇರೆ ಕಾರಣಕ್ಕೆ. ಕಾಲು ಗೆರೆ ತುಳಿದದ್ದು ಅಂಪೈರಿಗೆ ಕಾಣದಿದ್ದರೂ ಅವನೇ ಕೈ ಎತ್ತಿ ಹೊರಗೆ ನಡೆಯುತ್ತಿದ್ದ. ಅಂಪೈರ್ ಎಂದರೆ ನಮ್ಮ ಭಾಸ್ಕರ ಭಾವ, ನನ್ನ ಅಕ್ಕನ ಗಂಡ. "ಇವನ ಆಟಕ್ಕೆ ವಿಸಿಲು ಹಿಡ್ಕೊಂಡು ನಿಲ್ಲಲಿಕ್ಕೆ ನಾಚಿಕೆ ಆಗ್ತದೆ ಮಾರಾಯ, ನನಗೆ ಎಂತ ಕೆಲಸ ಉಂಟು ಅಲ್ಲಿ?" ಎಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದರು. ಮನೆಗಳಲ್ಲಿ ಮಕ್ಕಳು ಸುಳ್ಳು ಹೇಳಿ ಸಿಕ್ಕಿಬಿದ್ದರೆ ತಾಯಂದಿರು ಪದ್ದಣ್ಣನ ಹೆಸರು ತೆಗೆದು ಬೈಯುತ್ತಿದ್ದರು.

ಅಂಥವನಿಗೆ ಕುಡಿಸಿದ್ದು ಯಾರು? ನಾವೇ. ನಮ್ಮಲ್ಲೊಂದು ಕ್ರಮ ಬೆಳೆದಿತ್ತು. ಗಲ್ಫಿನಿಂದ ರಜೆಗೆ ಬಂದವರು ತಂದ ಬಾಟಲಿಯ ಸೀಲನ್ನು ಪದ್ದುವೇ ಒಡೆಯಬೇಕು. ಮನೆಗೆ ಮದುವೆ ಕಾಗದ ಕೊಟ್ಟು ಕರೆದ ಹಾಗೆ ಕರೆಯುವುದು. ಅವನು ಬಂದು ಮುಚ್ಚಳ ತಿರುಗಿಸಿದರೆ ಮನೆಯವರಿಗೆ ಟ್ರೋಫಿ ಗೆದ್ದ ಖುಷಿ. ಬೇಡ ಎಂದರೆ "ಈಗ ದೊಡ್ಡ ಜನ ಆದ" ಎಂಬ ಕೊಂಕು. ಅವನು ಎಷ್ಟು ಕುಡಿದರೂ ಕಾಲು ತಡವರಿಸುತ್ತಿರಲಿಲ್ಲ. "ಪದ್ದುವಿಗೆ ಏರುವುದೇ ಇಲ್ಲ" ಎನ್ನುವುದೂ ನಮಗೆ ಅವನ ರೈಡಿನಷ್ಟೇ ದೊಡ್ಡ ಹೆಮ್ಮೆ. ಏರದವನು ಗಾಡಿ ಓಡಿಸಿದರೆ ಏನಂತೆ? ಯಾರಿಗೂ ಏನೂ ಅನಿಸಲಿಲ್ಲ.

ಒಂದು ಭಾನುವಾರ ನಮ್ಮ ಕಬಡ್ಡಿ ಕ್ಲಬ್ಬಿನವರು ಅವನಿಗೆ ಸನ್ಮಾನ ಮಾಡಿದರು. ಶಾಲು, ಪೇಟ, ಕೋಳಿ ಸುಕ್ಕ, ಸಭಾಂಗಣದ ಹಿಂದೆ ಬಾಟಲಿ. ಭಾವ ಊಟ ಮಾಡಿ ಬೇಗ ಹೊರಟಿದ್ದರು. ಕಾವೂರು ಕೆರೆಯ ಹತ್ತಿರ ಅವರ ಸ್ಕೂಟರಿಗೆ ಹಿಂದಿನಿಂದ ಪದ್ದುವಿನ ಕಾರು ಗುದ್ದಿತು. ಹಾಡಹಗಲು. ಅವನೇ ಇಳಿದು ಬಂದು, ಶಾಲು ಹೆಗಲ ಮೇಲಿದ್ದ ಹಾಗೆಯೇ, ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತನಂತೆ. ಅಷ್ಟರಲ್ಲಿ ಹಿಂದಿನಿಂದ ಬಂದ ಕ್ಲಬ್ಬಿನವರು ಅವನನ್ನು ಎಬ್ಬಿಸಿ ಬೇರೆ ಗಾಡಿಯಲ್ಲಿ ಸಾಗಿಸಿಬಿಟ್ಟರು. ರಕ್ತ ಪರೀಕ್ಷೆ ಆಗಲೇ ಇಲ್ಲ. ಕುಡಿದ ವಿಷಯ ಕೇಸಿಗೆ ಬರಲೇ ಇಲ್ಲ.

ಭಾವನ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಆಸ್ಪತ್ರೆಗೆ ಬಂದ ಕ್ಲಬ್ಬಿನ ಅಧ್ಯಕ್ಷರು ಸ್ಟೂಲು ಎಳೆದು ಕೂತರು. "ಭಾಸ್ಕರಣ್ಣ, ಗಾಡಿ ಓಡಿಸಿದ್ದು ಪದ್ದುವಿನ ತಮ್ಮ ಅಂತ ಹೇಳಿದ್ರಾಯ್ತು. ತಮ್ಮನೂ ಒಪ್ಪಿದ್ದಾನೆ. ಎಷ್ಟು ಮಕ್ಕಳು ಇವನನ್ನು ನೋಡಿ ಆಟ ಕಲಿತಾ ಇದ್ದಾರೆ, ನೀವೇ ಹೇಳಿ."

"ಓಡಿಸಿದ್ದು ಯಾರು ಅಂತ ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಹೇಳಿಯೇ ಹೇಳ್ತೇನೆ," ಎಂದರು ಭಾವ. "ಕುಡಿದದ್ದನ್ನು ಅವನೇ ಹೇಳಲಿ. ಅಂಗಣದಲ್ಲಿ, ಆ ಮಕ್ಕಳ ಎದುರೇ. ನನಗೆ ಬೇರೆ ಎಂತದೂ ಬೇಡ."

ಪೊಲೀಸರ ಎದುರು ಭಾವ ಪದ್ದುವಿನ ಹೆಸರನ್ನೇ ಹೇಳಿದರು. ಕುಡಿದದ್ದನ್ನು ಹೇಳಲು ಅವನು ಅಂಗಣಕ್ಕೆ ಬರಲಿಲ್ಲ. ಕೆಲವು ಕಾಲ ಸಸ್ಪೆಂಡ್ ಆದ, ಮತ್ತೆ ಕೆಲಸಕ್ಕೆ ಸೇರಿದ. ಕೇಸು ಎಳೆಯುತ್ತಲೇ ಇದೆ. ಊರಿನವರು ಅಕ್ಕನ ಎದುರೇ "ಒಂದು ಒಳ್ಳೆ ಹುಡುಗನ ಜೀವನ ಹಾಳಾಯ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಒಳಗೆ ಒಂದೇ ಕಾಲಿನಲ್ಲಿ ಕೂತವರ ಜೀವನದ ಬಗ್ಗೆ ಯಾರ ನಿಟ್ಟುಸಿರೂ ಕೇಳಿಸಲಿಲ್ಲ. ಅಂಗಣದಲ್ಲಿ ಈಗ ಬೇರೆ ಅಂಪೈರ್.

ನಿನ್ನೆ ಮಾತ್ರೆ ಹಿಡಿದು ಅಕ್ಕನ ಮನೆಗೆ ಹೋದರೆ ಗೇಟಿನ ಹೊರಗೆ ಪದ್ದುವಿನ ಕಾರು. ಕೊನೆಗೂ ಬಂದನಲ್ಲ ಎಂದು ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಬಂದದ್ದು ಫೋಟೋಕ್ಕೆ. ಮುಂದಿನ ಟೂರ್ನಮೆಂಟಿಗೆ ಅವನೇ ಮುಖ್ಯ ಅತಿಥಿ, ಭಾವನ ಜೊತೆ ಕೂತ ಒಂದು ಚಿತ್ರ ಹಾಕಿದರೆ ಜನರ ಬಾಯಿ ಮುಚ್ಚುತ್ತದೆ ಎಂದು ಅಧ್ಯಕ್ಷರು ಕಳಿಸಿದ್ದರು.

"ತೆಗೆಯುವ," ಎಂದರು ಭಾವ. "ಮೊದಲು ಆ ಒಂದು ಮಾತು ಹೇಳ್ತೀಯಾ?"

"ಹೇಳಿದ್ರೆ ಕೆಲಸ ಹೋಗ್ತದೆ ಭಾಸ್ಕರಣ್ಣ. ಹೋಗುವುದು ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ಲ."

ಭಾವ ತಮ್ಮ ಲುಂಗಿಯ ಖಾಲಿ ಬದಿಯನ್ನು ನೋಡಿಕೊಂಡರು. ಪದ್ದುವಿನ ಮುಖ ಕಪ್ಪಾಯಿತು. ತಪ್ಪಾಯಿತೆಂಬಂತೆ ಅವರ ಇರುವ ಕಾಲಿಗೆ ಬಗ್ಗಿದ. ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದ ಅಕ್ಕ ಸೆರಗಿನಿಂದ ಮೂಗು ಮುಚ್ಚಿ ಹಿಂದೆ ಸರಿದಳು. ಆಗ ನನಗೂ ಬಡಿಯಿತು ಕುಡಿದ ವಾಸನೆ.

ಅವನ ಕಾರಿನ ಕೀ ಟೀಪಾಯಿಯ ಮೇಲಿತ್ತು. ಎತ್ತಿ ಕಿಸೆಗೆ ಹಾಕಿಕೊಂಡೆ.

"ಕೊಡಿ ಅಣ್ಣ, ತಮಾಷೆ ಬೇಡ."

"ರಿಕ್ಷಾಕ್ಕೆ ಫೋನ್ ಮಾಡ್ತೇನೆ. ಹೊರಗೆ ಕೂತ್ಕೊ."

"ಎಂತ, ನನಗೆ ಏರಿದೆ ಅಂತ ಅಂದಾಜಾ?"

ನನ್ನ ಕೈಯನ್ನು ಮುರಿದು ಕೀ ಕಿತ್ತುಕೊಳ್ಳುವಷ್ಟು ಬಲ ಅವನಿಗಿದೆ. ಆದರೂ ಯಾಕೋ ಹೋಗಿ ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತ. ಅವನೇ ತಿಳಿಸಿರಬೇಕು, ಐದೇ ನಿಮಿಷಕ್ಕೆ ಅಧ್ಯಕ್ಷರ ಫೋನ್ ನನಗೆ ಬಂತು.

"ಕೀ ಕೊಟ್ಟುಬಿಡು ಮಾರಾಯ. ಶಾಲೆ ಬಿಡುವ ಹೊತ್ತು. ಅವನು ಹಾಗೆ ರಸ್ತೆ ಬದಿ ಕೂತದ್ದನ್ನು ಮಕ್ಕಳು ನೋಡಿದ್ರೆ ಹೇಗೆ?"

"ನೋಡಲಿ," ಎಂದು ಕಟ್ ಮಾಡಿದೆ.

ನೋಡಿಯೇ ಬಿಟ್ಟರು. ಬ್ಯಾಗು ಹೊತ್ತ ದಂಡೊಂದು "ಪದ್ದಣ್ಣ, ಪದ್ದಣ್ಣ" ಎಂದು ಓಡಿ ಬಂದು ಅವನನ್ನು ಮುತ್ತಿಕೊಂಡಿತು. ಏನೇನೋ ಕೇಳುತ್ತಿದ್ದರು. ಒಬ್ಬಳು ಅವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಅವನು ಅಂಗೈಯಿಂದ ಬಾಯಿ, ಮೂಗು ಎರಡನ್ನೂ ಗಟ್ಟಿಯಾಗಿ ಮುಚ್ಚಿಕೊಂಡು, ಮುಖವನ್ನು ಕಾಂಪೌಂಡಿನ ಕಡೆಗೆ ತಿರುಗಿಸಿ, ಇನ್ನೊಂದು ಕೈಯಿಂದ ಅವರನ್ನು ದೂರ, ದೂರ ಎಂದು ಸರಿಸುತ್ತಿದ್ದ.

ಒಳಗೆ ಕಿಟಕಿಯ ಹತ್ತಿರ ಭಾವನ ಕುರ್ಚಿ. "ರಿಕ್ಷಾ ಬಂತಾ ನೋಡು," ಎಂದರು ಮೆಲ್ಲಗೆ. "ಪಾಪ, ಬೇಗ ಬರಲಿ."