ಘಟ್ಟದ ಸರದಿಗೆ ಎತ್ತಿದ ಕೈಗಳು

ಮದರಾಸಿನ ಕಾಲೇಜಿನ ಚರ್ಚಾಕೂಟಗಳಿಂದ ಹೊಸಪೇಟೆಗೆ ಹಿಂದಿರುಗಿದ ನನಗೆ, ನ್ಯಾಯವಾದ ವಾದವನ್ನು ಮುಂದಿಟ್ಟರೆ ಜನ ಒಪ್ಪಿಯೇ ಒಪ್ಪುತ್ತಾರೆಂಬ ನಂಬಿಕೆಯಿತ್ತು. ಆ ನಂಬಿಕೆಯಿಂದಲೇ ಮೋಟಾರು ಬಸ್ಸುಗಳ ಚಾಲಕರಿಗೊಂದು ಸಂಘ ಕಟ್ಟಿದ್ದೆ. ಮಾಲೀಕರು ಕೊನೆಗೊಂದು ಕರಾರಿಗೆ ಬಂದರು: ವಾರಕ್ಕೊಂದು ರಜೆ ಕೊಡುತ್ತಾರೆ, ಅದಕ್ಕೆ ಬದಲಾಗಿ, ಹಿರಿಯ ಚಾಲಕರು ತಮಗೆ ಬೇಕಾದ ದಾರಿಯನ್ನು ಆರಿಸಿಕೊಳ್ಳುವ ರೂಢಿ ನಿಲ್ಲಬೇಕು, ಸಂಜೆ ಸಂಡೂರಿನ ಘಟ್ಟ ಹತ್ತುವ ಬಸ್ಸನ್ನು ಎಲ್ಲರೂ ಸರದಿಯಂತೆ ನಡೆಸಬೇಕು.

ಕಡ್ಡಿರಾಂಪುರದ ಹುಣಸೆಮರದ ಕೆಳಗೆ, ನಿಂತ ಬಸ್ಸೊಂದರ ಪಕ್ಕದಲ್ಲಿ ಸಭೆ ಸೇರಿತು. ಘಟ್ಟದ ಬಸ್ಸು ಸದಾ ಪಾಲಿಗೆ ಬರುತ್ತಿದ್ದ ಕಿರಿಯ ಚಾಲಕ ಮೊದಲು ಎದ್ದ. ಅವನ ಹೆಂಡತಿ ಮೆಟ್ರಿಯ ತವರಿನಲ್ಲಿ ಹೆತ್ತಿದ್ದಳು. ಮಗುವನ್ನು ಅವನಿನ್ನೂ ಕಂಡಿರಲಿಲ್ಲ.

"ಕಾಕಾ, ನೀವು ಮುಂಜಾನಿ ಕಂಪ್ಲಿಗೆ ಹೋಗಿ ಕಬ್ಬು ಕಡಕೊಂತ ಬರ್ತೀರಿ. ಘಟ್ಟದ ಧೂಳು ಮಾತ್ರ ನಮಗ!"

ಎಲ್ಲರಿಗಿಂತ ಹಿರಿಯರಾದ ಚಾಲಕರು ನಕ್ಕರು. "ಲೇ, ನಿನಗ ಮೀಸಿ ಬರೂಕಿಂತ ಮೊದಲ ಆ ಧೂಳು ತಿಂದೀನಿ. ಈಗ ಸಂಜಿ ಘಟ್ಟ ನನಗ ಹಾಕಿದ್ರ, ಕೆಲಸಾನ ಬಿಡಬೇಕಾಗ್ತದ."

"ಯಾಕ್ರಿ?"

ಅವರು ಮುಖ ತಿರುಗಿಸಿ ಬೀಡಿ ಹಚ್ಚಿದರು. ನಾನು ಸಮಾನತೆಯನ್ನು ಕುರಿತು ದೀರ್ಘವಾಗಿ ಮಾತನಾಡಿದೆ. ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಕೈ ಎತ್ತಿ ಮತ ಹಾಕುವುದು ನಾನು ಕಲಿಸಿದ್ದು. ಎತ್ತಿದ ಕೈಗಳನ್ನು ಹಿರಿಯರೇ ಎಣಿಸಬೇಕೆಂಬುದು ಅವರು ಮಾಡಿಕೊಂಡ ರೂಢಿ. ಒಂಬತ್ತು ಮಂದಿಯಲ್ಲಿ ಆರು ಮಂದಿ ಕರಾರಿನ ಪರವಾಗಿ ಕೈ ಎತ್ತಿದರು. ಹಿರಿಯರು ಕತ್ತು ಚಾಚಿ ಎಣಿಸಿದರು. ಬಸ್ಸಿನ ನೆರಳಿನಲ್ಲಿದ್ದ ಇಬ್ಬರನ್ನು ನೇರವಾಗಿಯೇ ನೋಡಿದರು. ಆದರೂ ಅವರ ದೃಷ್ಟಿ ಅಲ್ಲಿ ನಿಲ್ಲಲಿಲ್ಲ.

"ನಾಕ. ಬಿತ್ತು ಕರಾರು."

ಆ ಕಣ್ಣುಗಳಿಗೆ ಸಂಜೆಯ ಘಟ್ಟ ಏಕೆ ಬೇಡವಾಗಿತ್ತೆಂಬುದು ಎಲ್ಲರಿಗೂ ಒಮ್ಮೆಲೇ ತಿಳಿಯಿತು. ನಾನು ತಡೆಯಲಾರದೆ ಎದ್ದು, "ಇನ್ನೊಮ್ಮೆ ಎಣಿಸೋಣ" ಎಂದೆ.

"ಬ್ಯಾಡ್ರಿ ಸರ" ಎಂದ ಕಿರಿಯ. ನೆರಳಿನಲ್ಲಿ ಕೈ ಎತ್ತಿದ್ದ ಇಬ್ಬರಲ್ಲಿ ಅವನೂ ಒಬ್ಬ. "ಹಿರಿಯರು ಎಣಿಸ್ಯಾರ. ಮುಗೀತು."

ಹಿರಿಯರು ದನಿ ಬಂದ ಕಡೆ ತಿರುಗಿದರು. "ನೀ ಕೈ ಎತ್ತಿದ್ಯೇನಲೇ?"

"ಇಲ್ರಿ ಕಾಕಾ. ನಿಮ್ಮ ಮೀಸಿ ನೋಡಿ ಹೆದರಿಬಿಟ್ಟೆ."

ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು. ಹಿರಿಯರು ನಗಲಿಲ್ಲ.

ಮಾಲೀಕರಿಗೆ ಉತ್ತರ ಹೇಳಬೇಕಾದವನು ನಾನು. ಆರು ಮಂದಿಯ ಮತವನ್ನು ಮುಚ್ಚಿಡುವುದು ಯಾವ ನ್ಯಾಯ? ಬಿಚ್ಚಿ ಹೇಳಿದರೆ ಒಬ್ಬರ ಅನ್ನ ಹೋಗುತ್ತಿತ್ತು. ಮಾಲೀಕರ ಮನೆಯನ್ನು ದಾಟಿ ಬಜಾರಿನ ಕೊನೆಯವರೆಗೂ ನಡೆದೆ, ತಿರುಗಿ ಬಂದೆ, ಮತ್ತೆ ದಾಟಿದೆ. ಕೊನೆಗೆ ಒಳಗೆ ಹೋಗಿ, ಚಾಲಕರಿಗೆ ರಜೆ ಬೇಡವೆಂದು ತಿಳಿಸಿದೆ.

"ರಜಾ ಬ್ಯಾಡಂತ? ಯಾಕಂತ್ರಿ? ಕುಂದ್ರಿ, ಹೇಳ್ರಿ" ಎಂದು ಅವರು ಕುರ್ಚಿ ತೋರಿಸಿದರು.

ನಾನು ಕುಳಿತುಕೊಳ್ಳಲಿಲ್ಲ.