ಆಚೆ ದಂಡೆಗೆ ಹೋದ ಮಾವ

ದಸರೆ ಕಳೆದ ಮೇಲೆ ಕೊಟ್ಟೂರಿನಾಚೆಯ ನಮ್ಮ ಚಿಕ್ಕ ಕೆರೆ ತಿಳಿಯಾಗುತ್ತದೆ. ಮಳೆಗಾಲದ ಕೆಸರು ತಳಕ್ಕಿಳಿದು ಜಿಲೇಬಿ ಮೀನುಗಳು ದಂಡೆಗೆ ಬರುತ್ತವೆ. ಭಾನುವಾರ ಮಧ್ಯಾಹ್ನ ನಾನೂ ಪಕ್ಕದ ಮನೆಯ ಮಾವನೂ ಏರಿಯ ಒಂದೇ ಕಲ್ಲಿನ ಮೇಲೆ ಗಾಳ ಹಾಕಿ ಕೂರುತ್ತಿದ್ದೆವು. ಮಾವ ರೈಲ್ವೆಯ ನಿವೃತ್ತ ಗ್ಯಾಂಗ್‌ಮನ್. ಗಾಳ ಹಾಕುವ ಮೊದಲು ಬುತ್ತಿಯ ರೊಟ್ಟಿ ಮುರಿದು ನೀರಿಗೆ ಎಸೆಯುತ್ತಿದ್ದರು. ಮೀನು ಉಂಡ ಮೇಲೆಯೇ ನಮ್ಮ ಊಟ.

ಗಾಳದ ದಾರದ ಬೆಂಡು ಅಲ್ಲಾಡಿದರೆ ಸಾಕು, ನಾನು ಎಳೆದುಬಿಡುತ್ತಿದ್ದೆ.

"ಲೇ, ಅದಕ್ಕ ಬಾಯಿ ಮುಚ್ಚಾಕಾರ ಟೈಮ್ ಕೊಡು. ಮೂರು ಉಸಿರು ಎಣಿಸು. ನಿನ್ನಂಗ ಯಾವಾಗ್ಲೂ ಬಾಯಿ ತಕ್ಕೊಂಡು ಇರಂಗಿಲ್ಲ ಮೀನು."

ಬಾಯಿಯೇ ನನ್ನ ಬಂಡವಾಳ. ಬಸ್ ಕಂಡಕ್ಟರು, ಹೆಡ್‌ಮಾಸ್ತರು, ಸೀನುವ ಅಪ್ಪ, ಸಂದರ್ಶನದಲ್ಲಿ ತೊದಲುವ ನಾನು: ಎಲ್ಲರನ್ನೂ ಅಣಕಿಸುತ್ತೇನೆ. ಒಂದು ದಿನ ಚಹಾ ಹೋಟೆಲಿನಲ್ಲಿ ಮಾವನ ಸರದಿ ಬಂತು. ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಅವರ ಮಾತಿನಲ್ಲಿ ಸಿಳ್ಳು ಸೇರಿಕೊಂಡಿತ್ತು. ಥೇಟ್ ಹಾಗೇ ಮಾತಾಡಿದೆ. ಎಲ್ಲರೂ ನಕ್ಕರು. ಮಾವನೂ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು. ಆ ಕೈ ನೋಡಿಯಾದರೂ ನಿಲ್ಲಿಸಬೇಕಿತ್ತು. "ಇನ್ನೊಮ್ಮಿ, ಇನ್ನೊಮ್ಮಿ!" ಎಂದು ಯಾರೋ ಕೂಗಿದರು. ಮತ್ತೆ ಮಾಡಿದೆ.

ಮುಂದಿನ ಭಾನುವಾರ ಮಾವ ಕಲ್ಲಿಗೆ ಬರಲಿಲ್ಲ. ಆಚೆ ದಂಡೆಯಲ್ಲಿ ಅವರ ಬಿಳಿ ಟವೆಲು ಕಂಡಿತು. ಅದರ ಮುಂದಿನ ವಾರವೂ ಅಲ್ಲೇ. ಬೇಸರ ಕಳೆಯಲು ಬೆಳ್ಳಕ್ಕಿಗಳ ಮುಂದೆ ಹೆಡ್‌ಮಾಸ್ತರನ್ನು ಮಾಡಿ ತೋರಿಸಿದೆ. ಅವೂ ಎದ್ದು ಹೋದವು. ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಪ್ರೇಕ್ಷಕರು.

ಕಳೆದ ವಾರ ಬೆಂಡು ಮುಳುಗಿತು. ಮೂರು ಉಸಿರು ಎಣಿಸಿದೆ. ಅಂಗೈ ಮೀರಿದ ಜಿಲೇಬಿ! ತೋರಿಸಲೆಂದು ಎಡಕ್ಕೆ ತಿರುಗಿದೆ. ಬರೀ ಕಲ್ಲು.

ಎದ್ದು ನಿಂತೆ. ಕರೆಯಲು ಬಾಯಿ ತೆರೆದರೆ ಮೊದಲು ಕಂಡಕ್ಟರ ದನಿಯೇ ಬಂತು. ಅದನ್ನು ನುಂಗಿಕೊಂಡು ಕೂಗಿದೆ:

"ಮಾವಾ, ತಪ್ಪಾತ್ರಿ! ಈ ಕಡಿ ಬರ್ರಿ!"

"ಯಾರ ದನಿಲೇ ಅದು?" ನೀರಿನ ಮೇಲಿಂದ ಸಿಳ್ಳು ಸಹಿತ ಉತ್ತರ ಬಂತು.

"ನಂದರಿ ಮಾವಾ, ನಂದ!"

ಆಚೆ ದಂಡೆಯಲ್ಲಿ ಬಿಳಿ ಟವೆಲು ಎದ್ದು ನಿಂತಿತು. ಆಮೇಲೆ, "ಇನ್ನೊಮ್ಮಿ ಹೇಳು."

ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಅಂದು ಮಾವ ಬರಲಿಲ್ಲ. ರೊಟ್ಟಿ ಮುರಿದು ನೀರಿಗೆ ಎಸೆದು, ಕಲ್ಲಿನ ಅರ್ಧ ಬಿಟ್ಟು ಕೂತೆ.